ಹಿಂಬದಿಯ ಕನ್ನಡಿ

ಮಂಗಳವಾರ, ಡ್ರೆಸ್ಸಿಂಗ್ ಕೋಣೆ. ಒಂಬತ್ತನೇ ಚೀಟಿ ಗುತ್ಯಪ್ಪನವರದು.
ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ ಮೂರು ಕುರ್ಚಿಯ ಕ್ಷೌರದಂಗಡಿ.
ಮೂವತ್ತೊಂದು ವರ್ಷ ಶಿವಮೊಗ್ಗದ ತಲೆಗಳಿಗೆಲ್ಲ
ಪ್ರದಕ್ಷಿಣೆ ಹಾಕಿದ ಪಾದ ಈಗ ನನ್ನ ಮಡಿಲಲ್ಲಿ.

ಹೆಬ್ಬೆರಳ ಬುಡದಲ್ಲಿ ಹಳೆಯ ನಾಲ್ಕಾಣೆಯಗಲ ಹುಣ್ಣು.
ಇಕ್ಕಳದ ತುದಿ ಒಳಗಿಳಿದರೂ ಅವರು
ಕಿಟಕಿಯಾಚೆ ಬಸ್ಸಿನ ಬೋರ್ಡು ಓದುತ್ತಿರುತ್ತಾರೆ:
ತೀರ್ಥಹಳ್ಳಿ, ಆಯನೂರು, ಹೊಳೆಹೊನ್ನೂರು.
ನೋವಿದ್ದರೆ ಅದೇ ಹೇಳುತ್ತಿತ್ತು ನನ್ನ ಬದಲು.
ನೋವೇ ಇಲ್ಲದವರನ್ನು ಯಾವ ಮಾತಿನಿಂದ ಎಬ್ಬಿಸುವುದು?

ಮುಂಚೆ ಬೈಯುತ್ತಿದ್ದೆ. ಚೆನ್ನಾಗಿಯೇ ಬೈಯುತ್ತಿದ್ದೆ.
ಕಾಲು ಬೇಕೋ ಬೇಡವೋ ಅಂತ ಹೆದರಿಸಿದವರಲ್ಲಿ
ಅರ್ಧ ಜನ ತಲೆಯಾಡಿಸಿ ಹೋದವರು ಮತ್ತೆ ಬರಲಿಲ್ಲ;
ಬಂದವರಲ್ಲಿ ಕೆಲವರು ಸ್ಟ್ರೆಚರ್ ಮೇಲೆ ಬಂದರು.
ಗಾಜನೂರಿನ ರುಕ್ಮಾಬಾಯಿಯ ಚೀಟಿ
ಇನ್ನೂ ನನ್ನ ಡ್ರಾಯರಿನಲ್ಲಿದೆ.

ಎರಡು ದಿನದ ತರಬೇತಿಯಲ್ಲಿ ಕಲಿತದ್ದು ಇಷ್ಟೇ ನೆನಪು:
ಪ್ರಶ್ನೆ ಕೇಳು. ಆಮೇಲೆ ಸುಮ್ಮನಿರು.
ಮೊದಲನೆಯದು ಒಂದು ವಾರದಲ್ಲಿ ಬಂತು.

"ಹೇಗೆ ಶುರುವಾಯ್ತು?"
ಗಾಜ್ ಒದ್ದೆ ಮಾಡುತ್ತಾ ಕೇಳಿದೆ, ಕಾಲನ್ನೇ ಕೇಳಿದ ಹಾಗೆ.
"ಆಣಿ ಆಗಿತ್ತಕ್ಕ. ನಮ್ಮದೇ ಕತ್ತಿ, ನಮ್ಮದೇ ಕೈ.
ಹೊಸ ಬ್ಲೇಡು ಹಾಕಿ ನಾನೇ ಹೆರೆದೆ.
ಇಷ್ಟು ವರ್ಷ ಒಬ್ಬ ಗಿರಾಕಿ ಕೆನ್ನೆ ಮೇಲೂ ಗೀರು ಬಿದ್ದಿಲ್ಲ."
ನಾಲಿಗೆ ತುದಿಗೆ ಬಂದದ್ದನ್ನು
ಮಾಸ್ಕಿನೊಳಗೇ ಮಡಚಿಟ್ಟೆ.
"ಅಷ್ಟು ಪಳಗಿದ ಕೈ, ಇಲ್ಲಿ ತಪ್ಪಿತಲ್ಲ ಅಂತ ಬೇಜಾರು ನಿಮಗೆ."
ಅವರು ಮೊದಲ ಸಲ ಬಸ್ಸು ಬಿಟ್ಟು ನನ್ನತ್ತ ನೋಡಿದರು.

ನಿಲ್ಲಕೂಡದು ಎಂದು ಡಾಕ್ಟರು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ.
"ಕೂತು ಕಟಿಂಗ್ ಮಾಡೋನನ್ನ ಎಲ್ಲಾದ್ರೂ ಕಂಡಿದೀರಾ?
ನಮ್ಮಪ್ಪ ಅನ್ನೋನು, ಕಾಲು ಕೂತ್ರೆ ಕೈಯೂ ಕೂರ್ತದೆ."
"ಕೂರೋದು ಎಷ್ಟು ಮುಖ್ಯ ಅನ್ಸುತ್ತೆ, ಹತ್ತರಲ್ಲಿ?"
"ಮೂರು."
"ಸೊನ್ನೆ ಯಾಕಲ್ಲ?"

ಆ ಕೋಣೆಯ ಗಡಿಯಾರಕ್ಕೆ ಸದ್ದಿದೆಯೆಂದು ಅವತ್ತೇ ಗೊತ್ತಾದದ್ದು.
ಹೊರಗೆ ಹತ್ತನೇ ಚೀಟಿ ಕೆಮ್ಮಿತು.
ಪಟ್ಟಿಯ ಮೂರನೇ ಸುತ್ತಿಗೆ ಬಾಯಿಬಿಟ್ಟರು:
"ಕಾರ್ತೀಕದಲ್ಲಿ ಮೊಮ್ಮಗನ ಜವಳ.
ಆ ಮೊದಲ ಕೂದಲಿಗೆ ಮಾತ್ರ ಬೇರೆ ಯಾರ ಕೈಗೂ ಕತ್ತಿ ಕೊಡಲ್ಲ."
ಸ್ವಲ್ಪ ತಡೆದು, "ನಿಂತುಕೊಂಡೇ ತೆಗೀಬೇಕು."
"ಅವತ್ತು ನಿಲ್ಲೋಕೆ..." ಅಂದೆ, ಅಷ್ಟಕ್ಕೇ ಬಿಟ್ಟೆ.
"ಇವತ್ತು ಕೂರು ಅಂತೀರಿ."
"ನಾನೆಲ್ಲಿ ಅಂದೆ?"

ಚಪ್ಪಲಿ ಮೆಟ್ಟಲು ಹೋದವರು ತಡೆದರು.
"ಅಂಗಾಲು ನಂಗೆ ಕಾಣಲ್ಲಕ್ಕ, ಸೊಂಟ ಬಗ್ಗಲ್ಲ."
ಹೇಳುತ್ತಲೇ ಬಲಗೈ ಗಾಳಿಯಲ್ಲಿ ತಾನಾಗಿ ತಿರುಗಿತು,
ಗಿರಾಕಿಯ ಕತ್ತಿನ ಹಿಂದೆ ಚಿಕ್ಕ ಕನ್ನಡಿ ಹಿಡಿದು
ಸಾಕಾ ಸ್ವಾಮಿ, ಇನ್ನೂ ಸ್ವಲ್ಪ ತೆಗೀಲಾ
ಎಂದು ಕೇಳುವ ಹಾಗೆ.
"ಅರೆ! ರಾತ್ರಿ ಶಟರ್ ಎಳೆಯೋ ಮುಂಚೆ ಅದನ್ನೇ ಕೆಳಗೆ ಹಿಡಿದ್ರೆ?"

ಮೇಜಿನ ಮೇಲಿದ್ದ ಕರಪತ್ರದ ಏಳನೇ ಪುಟದಲ್ಲಿ ಅದೇ ಚಿತ್ರವಿತ್ತು.
ಮೊಣಕೈಯಿಂದ ಅದನ್ನು ಮರೆಮಾಡಿ
"ಹೌದಲ್ಲ" ಎಂದೆ, ನನಗೆ ಹೊಳೆದೇ ಇರದ ಹಾಗೆ.
ಅದು ಸುಳ್ಳೋ ಏನೋ, ಇನ್ನೂ ಗೊತ್ತಿಲ್ಲ.

ಮುಂದಿನ ಮಂಗಳವಾರ ಬರಲಿಲ್ಲ.
ಅದರ ಮುಂದಿನದಕ್ಕೆ ಬಂದರು.
ಕಾಗದದ ಅಳತೆಪಟ್ಟಿಯಲ್ಲಿ ಎರಡು ಮಿಲಿಮೀಟರ್ ಕಡಿಮೆ;
ನನ್ನ ಕೈ ಅದುರಿದ್ದೂ ಇರಬಹುದು.
"ಸ್ಟೂಲ್ ತಂದೆ. ಗಡ್ಡಕ್ಕೆ ಕೂರ್ತೀನಿ.
ಕಟಿಂಗ್‌ಗೆ ನಿಲ್ಲೋನೇ, ಅದನ್ನ ಮಾತ್ರ ಕೇಳ್ಬೇಡಿ."
ಕೇಳಲಿಲ್ಲ.
ಹೊಸ ಪಟ್ಟಿ ಸುತ್ತುತ್ತಾ
"ಕನ್ನಡಿಯಲ್ಲಿ ಏನು ಕಂಡ್ರಿ?" ಅಂದೆ,
ಅಂದು, ತುಟಿ ಬಿಗಿಹಿಡಿದೆ.